ಆ ಎಂಬತ್ತು ಸಾವಿರಕ್ಕೆ ಬಣ್ಣ ತರ್ಬೇಡಿ ಕಣಮ್ಮ

ನಮಸ್ಕಾರ ಕಣಮ್ಮ. ನಿಮ್ಮ ನಾಕು ಪುಟದ ಪತ್ರ ಸಿಕ್ತು, ಎರಡು ಸಲ ಓದ್ದೆ. ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ಊರ ಹೆಸರು ಬಿಟ್ಟು ಇಲ್ಲಿ ಹೇಳ್ತೀನಿ. ಮಳವಳ್ಳಿ ತಾಲೂಕು, ನಾಲೆ ಕೊನೇಭಾಗದ ಊರು, ನೀರು ಬಂದ್ರೆ ಭತ್ತ, ಬರದಿದ್ರೆ ರಾಗಿ, ಅದೂ ಇಲ್ಲ ಅಂದ್ರೆ ಕೂಲಿ. ಐದ್ನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, 14 ಮಕ್ಕಳು, ಒಬ್ರೇ ಮೇಷ್ಟ್ರು. ಬರೋ ವರ್ಷ ಮುಚ್ಚಿ, ಎರಡೂವರೆ ಕಿಲೋಮೀಟರ್ ದೂರದ ಶಾಲೆಗೆ ಸೇರಿಸ್ಬಿಡ್ತಾರೆ ಅಂತ ಸುದ್ದಿ. ಊರ ಹುಡುಗ್ರು 80 ಸಾವಿರ ಒಟ್ಟು ಮಾಡವ್ರೆ, ಗೋಡೆಗೆ ರೈಲು ಬೋಗಿ ಥರ ಬಣ್ಣ ಹೊಡೆಸೋಣ ಅಂತಾವ್ರೆ. ನೀವು ಎಸ್‌ಡಿಎಂಸಿ, ಅಂದ್ರೆ ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ ಮೆಂಬರು, ಮಗಳು ಮೂರ್ನೇ ಕ್ಲಾಸು, ನಿಮ್ಮ ಯಜಮಾನ್ರೇ "ಇವಳ್ನೂ ವ್ಯಾನಿಗೆ ಹಾಕ್ಬುಡಣ" ಅಂತಾವ್ರಂತೆ, ಅಂದ್ರೆ ವ್ಯಾನ್ ಕಳ್ಸೋ ಖಾಸಗಿ ಶಾಲೆಗೆ. ಏನ್ಮಾಡ್ಲಿ ಅಂತ ಕೇಳಿದೀರಿ.

ಬಣ್ಣ ಬೇಡ ಅಂತಲ್ಲ, ಈಗ ಬೇಡ. ರೈಲು ಬೋಗಿ ನೋಡಿ ಮಕ್ಕಳು ಖುಷಿ ಪಡ್ತವೆ ನಿಜ, ಆದ್ರೆ ಮಗೂನ ಯಾವ ಶಾಲೆಗೆ ಹಾಕ್ಬೇಕು ಅಂತ ತೀರ್ಮಾನ ಮಾಡೋಳು ತಾಯಿ, ಅವಳು ನೋಡೋದು ಪಕ್ಕದ್ಮನೆ ಮಗು ಪುಸ್ತಕ ತೆಗೆದು ತಡೆಯದೆ ಓದ್ತದಾ ಅಂತ, ಅಷ್ಟೆ.

ಮೊದ್ಲು ಒಂದು ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ. ನಿಮ್ಮೂರ ಅಂಗನವಾಡಿ ಟೀಚರ್ ಹತ್ರ ಊರಲ್ಲಿ ಹುಟ್ಟಿದ ಪ್ರತಿ ಮಗೂನ ಲೆಕ್ಕ ಇರತ್ತೆ, ಅವ್ರ ಜೊತೆ ಕೂತು ಮೂರು ವರ್ಷದಿಂದ ಹತ್ತು ವರ್ಷದವರೆಗಿನ ಮಕ್ಕಳ ಪಟ್ಟಿ ಮಾಡಿ, ಯಾವ ಮನೆ, ಈಗ ಎಲ್ಲಿ ಓದ್ತಿದೆ, ಯಾಕೆ ಅಲ್ಲಿ. ಆ ಯಾಕೆ ಅನ್ನೋ ಕಾಲಂ ಬಿಡ್ಬೇಡಿ. ಮೇಷ್ಟ್ರು ಒಬ್ರೇ ಅಂತ ಒಬ್ರು ಬರೆಸ್ತಾರೆ, ಇಂಗ್ಲಿಷ್ ಇಲ್ಲ ಅಂತ ಇನ್ನೊಬ್ರು, ಹೆಣ್ಮಗು ಶೌಚಾಲಯಕ್ಕೆ ನೀರಿಲ್ಲ ಅಂತ ಮತ್ತೊಬ್ರು, ಎಲ್ಲಾನೂ ಬರ್ಕೊಳ್ಳಿ. ಇದು ಮಾರ್ಚ್ ಒಳಗೆ ಆಗ್ಬೇಕು. ಸರ್ಕಾರಿ ಶಾಲೆ ದಾಖಲಾತಿ ಆಂದೋಲನ ಶುರುವಾಗೋದು ಮೇ ಕೊನೆಗೆ, ಅಷ್ಟೊತ್ತಿಗೆ ವ್ಯಾನ್ ಶಾಲೆಗೆ ಅಡ್ವಾನ್ಸ್ ಕಟ್ಟಾಗಿರತ್ತೆ, ಸಾಲ ಮಾಡಿ ಕಟ್ಟಿದ ದುಡ್ಡು ಬಿಟ್ಟು ವಾಪಸ್ ಬನ್ನಿ ಅಂದ್ರೆ ಯಾರು ತಾನೇ ಬರ್ತಾರೆ ಹೇಳಿ.

ಇಂಗ್ಲಿಷ್ ವಿಷಯಕ್ಕೆ ಒಂದು ಮಾತು. ಸರ್ಕಾರಿ ಶಾಲೇಲಿ ಒಂದ್ನೇ ಕ್ಲಾಸಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದು ಬಹಳ ವರ್ಷ ಆಯ್ತು, ಎಷ್ಟೋ ಪೋಷಕರಿಗೆ ಇದೇ ಗೊತ್ತಿಲ್ಲ. ಹಾಗೇ ಒಂದು, ಎರಡು, ಮೂರ್ನೇ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ ಕೂರೋದನ್ನ ನೋಡಿ "ಕುರಿ ಕೂಡಿದಂಗೆ ಕೂಡವ್ರೆ" ಅಂತ ಯಾರೋ ಅಂದ್ರು ಅಂತ ಬರೆದಿದೀರಿ. ಅದು ನಲಿ-ಕಲಿ ಕಣಮ್ಮ, ಮೇಷ್ಟ್ರ ಸೋಮಾರಿತನ ಅಲ್ಲ. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲೂಕಿನ ಮೇಷ್ಟ್ರುಗಳೇ ಶುರು ಮಾಡಿದ್ದು, ಕಾರ್ಡು ಹಿಡ್ಕೊಂಡು ಮಗು ತನ್ನ ವೇಗಕ್ಕೆ ತಾನು ಕಲೀತಾ ಹೋಗೋದು, ಆಮೇಲೆ ಇಡೀ ರಾಜ್ಯಕ್ಕೆ ಹೋಯ್ತು. ಆದ್ರೆ ಅದು ನಡೀಬೇಕು ಅಂದ್ರೆ ಮೇಷ್ಟ್ರು ಕ್ಲಾಸಲ್ಲಿ ಇರ್ಬೇಕು. ನಿಮ್ಮ ಮೇಷ್ಟ್ರು ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಕಂಪ್ಯೂಟರ್‌ಗೆ ಮಾಹಿತಿ ತುಂಬೋದು, ತಾಲೂಕಿಗೆ ಮೀಟಿಂಗು, ಎಲ್ಲಾ ಒಬ್ರೇ ಮಾಡಿ ಐದು ಕ್ಲಾಸಿಗೆ ಪಾಠಾನೂ ಮಾಡ್ಬೇಕು. ಅವ್ರ ಮೇಲೆ ಊರವರು ಕೂಗಾಡಿದ್ರು ಅಂತ ನಿಮ್ಮ ಪತ್ರದಲ್ಲಿ ಓದಿ ನಂಗೆ ಬೇಜಾರಾಯ್ತು. ಅವ್ರು ನಿಮ್ಮ ಕಡೆಯವ್ರು.

ಕೂಗಬೇಕಾದ ಜಾಗ ಬೇರೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅದರ ನಿಯಮಗಳ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ರು ಶಿಕ್ಷಕರಿರ್ಬೇಕು, ಐದ್ನೇ ಕ್ಲಾಸಿನವರೆಗೆ ಓದೋ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಸಿಗ್ಬೇಕು. ಎಸ್‌ಡಿಎಂಸಿ ಸಭೆ ಕರೆಸಿ, ನಡಾವಳಿ ಪುಸ್ತಕದಲ್ಲಿ ಎರಡನ್ನೂ ಬರೆಸಿ, ಎಲ್ಲರ ಸಹಿ ಹಾಕಿಸಿ, ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡು ಬನ್ನಿ. ಬಾಯಲ್ಲಿ ಹೇಳಿ ಬಂದ್ರೆ ಲೆಕ್ಕಕ್ಕಿಲ್ಲ. ಕಾಯ್ದೇಲಿ ಸಮಿತಿಯ ಮುಕ್ಕಾಲು ಭಾಗ ಪೋಷಕರೇ ಇರ್ಬೇಕು, ಅರ್ಧ ಹೆಂಗಸರು ಇರ್ಬೇಕು ಅಂತ ಇರೋದು ಸುಮ್ನೆ ಅಲ್ಲ, ನೀವು ಸಹಿ ಹಾಕೋಕೆ ಮಾತ್ರ ಇರೋರಲ್ಲ.

ಈಗ ಆ 80 ಸಾವಿರ. ನಿಮ್ಮೂರಲ್ಲೇ ಡಿ.ಎಡ್. (ಶಿಕ್ಷಕರ ತರಬೇತಿ) ಮುಗಿಸಿ ಮನೇಲಿರೋ ಹೆಣ್ಮಗಳು ಇದಾಳೆ ಅಂತ ಪತ್ರದ ಕೊನೇಲಿ ಒಂದು ಸಾಲು ಬರೆದು ಮುಂದೆ ಹೋಗಿದೀರಿ, ನಾನು ಅಲ್ಲೇ ನಿಂತ್ಬಿಟ್ಟೆ. ತಿಂಗಳಿಗೆ ಎಂಟು ಸಾವಿರ ಗೌರವಧನ ಕೊಟ್ರೆ ಹತ್ತು ತಿಂಗಳು, ಅಂದ್ರೆ ಪೂರ್ತಿ ಒಂದು ಶಾಲಾ ವರ್ಷ. ಮೇಷ್ಟ್ರು ಮೀಟಿಂಗಿಗೆ ಹೋದ ದಿನಾನೂ ಬಾಗ್ಲು ತೆಗೆದಿರತ್ತೆ, ಕರಿಹಲಗೆ ಮೇಲೆ ಅವತ್ತಿನ ತಾರೀಖು ಬಿದ್ದಿರತ್ತೆ. ಎಂಟು ಸಾವಿರ ಕಮ್ಮಿನೇ, ನಂಗೂ ಗೊತ್ತು, ಆ ಮಗಳ ಹತ್ರ ಮುಚ್ಚುಮರೆ ಇಲ್ದೆ ಮಾತಾಡಿ, ಪ್ರತಿ ತಿಂಗಳು ಒಂದ್ನೇ ತಾರೀಖು ಕೊಡಿ, ಕಾಯಿಸ್ಬೇಡಿ. ಮೇಷ್ಟ್ರ ಒಪ್ಪಿಗೆ ತಗೊಂಡು, ಸಭೇಲಿ ಬರೆಸೇ ಮಾಡಿ. ಶೌಚಾಲಯ, ಕಾಂಪೌಂಡಿಗೆ ಈ ದುಡ್ಡು ಮುಟ್ಟಬೇಡಿ, ಅದನ್ನ ಪಂಚಾಯ್ತೀಲಿ ಕೇಳಿ.

ಇನ್ನೊಂದು, ನೀವು ಬರೀದೇ ಇರೋದು. ಹೋದ ಜನವರೀಲಿ ನಾನು ಮದ್ದೂರು ಕಡೆ ಹೋಗಿದ್ದೆ, ಕಬ್ಬು ಕಟಾವಿನ ಟೈಮು. ರಸ್ತೆ ಪಕ್ಕ ನೀಲಿ ಟಾರ್ಪಾಲಿನ ಏಳೆಂಟು ಗುಡಾರ, ಬಳ್ಳಾರಿ ಕಡೆಯಿಂದ ಬಂದ ಗ್ಯಾಂಗು, ದೊಡ್ಡವರೆಲ್ಲ ಗದ್ದೇಲಿ. ಎಂಟೊಂಬತ್ತು ವರ್ಷದ ಹುಡುಗಿ ತಮ್ಮನ್ನ ಸೊಂಟದ ಮೇಲೆ ಕೂರಿಸ್ಕೊಂಡು ನಿಂತಿದ್ಲು, ಕೈಯೆಲ್ಲ ಸೋಗೆ ಗೀರಿದ ಗೆರೆ. ಎರಡು ಗದ್ದೆ ಆಚೆ ಶಾಲೆ ಕಾಣ್ತಿತ್ತು. ಅದನ್ನೇ ನೋಡ್ತಾ "ಈ ಸಾಲ್ಯಾಗೂ ಊಟ ಕೊಡ್ತಾರೇನ್ರಿ" ಅಂದ್ಲು. ಕೊಡ್ತಾರೆ ಅಂದೆ. "ನಮ್ಗೂ?" ಅಂದ್ಲು.

ಅವಳಿಗೂ ಕೊಡ್ಬೇಕು, ಅಕ್ಷರಾನೂ ಕೊಡ್ಬೇಕು. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳ್ಸೋ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೋಬೇಕು, ಇದೂ ಅದೇ ಕಾಯ್ದೇಲಿ ಇದೆ. ನಿಮ್ಮ ಸುತ್ತಮುತ್ತ ಆಲೆಮನೆ ಇವೆ, ಇಟ್ಟಿಗೆ ಗೂಡು ಇರ್ಬೋದು, ಅಲ್ಲಿನ ಮಕ್ಕಳೂ ನಿಮ್ಮ ನೋಟ್‌ಬುಕ್ಕಿಗೆ ಬರ್ಲಿ. ಸಂಖ್ಯೆ ತುಂಬ್ಸೋಕೆ ಅಂತ ಹೆಸರು ಬರೆದು ಆಮೇಲೆ ಮರೆತ್ರೆ ಅದು ಆ ಮಕ್ಕಳಿಗೆ ಮಾಡೋ ಮೋಸ, ಆ ಕೆಲ್ಸ ಮಾಡ್ಬೇಡಿ. ನಿಜವಾಗಿ ಬಂದು ಕೂರೋ ಮಕ್ಕಳು ಬೇಕು. ದಿನಾ ಬೆಳಗ್ಗೆ ಹೋಗಿ ಕರ್ಕೊಂಡು ಬರೋಕೆ ನಿಮ್ಮ ಮಹಿಳಾ ಸಂಘದವರು ಸರದಿ ಹಾಕ್ಕೊಂಡ್ರೆ ಆಗತ್ತೆ.

ನಮ್ಮೂರ ಶಾಲೆ ಮುಚ್ಚಿದ್ದು ನಾನು ಕಣ್ಣಾರೆ ನೋಡಿದೀನಿ. ಆದೇಶ ಬರೋಕೆ ಎರಡು ವರ್ಷ ಮುಂಚೆನೇ "ಮುಚ್ಚೋ ಶಾಲೆ" ಅಂತ ಹೆಸರು ಬಿದ್ದಿತ್ತು, ಮುಚ್ಚೋ ಶಾಲೆಗೆ ಯಾಕೆ ಹಾಕೋದು ಅಂತ ಒಂದೊಂದೇ ಮನೆಯವರು ಬಿಡಿಸ್ಕೊಂಡ್ರು, ಕೊನೆಗೆ ಮೂರು ಮಕ್ಕಳು ಉಳಿದ್ವು, ಮೂವರೂ ಕೂಲಿ ಮಾಡೋರ ಮನೆ ಮಕ್ಕಳು. ಈಗ ಆ ರೂಮಲ್ಲಿ ಯಾರದೋ ಗೊಬ್ಬರದ ಮೂಟೆ ಇವೆ. ಅದಕ್ಕೇ "ನಮ್ಮ ಶಾಲೆ ಮುಚ್ತಾವ್ರೆ ಅಂತ ನಿಮ್ಮ ಪತ್ರಿಕೇಲಿ ಫೋಟೋ ಸಮೇತ ಬರೀರಿ" ಅಂದ್ರಲ್ಲ, ಈಗ ಬರಿಯಲ್ಲ, ಊರ ಹೆಸರು ಬಿಟ್ಟಿದ್ದೂ ಅದಕ್ಕೇ. ನೀವೂ ಊರಲ್ಲಿ ಆ ಮಾತು ಆಡ್ಬೇಡಿ. ಯಜಮಾನ್ರಿಗೆ ನನ್ನ ನಮಸ್ಕಾರ ಹೇಳಿ, ಮಗಳನ್ನ ಇನ್ನೊಂದು ವರ್ಷ ಅಲ್ಲೇ ಬಿಡಿ ಅಂತ ನಾನೂ ಕೇಳ್ಕೊಂಡೆ ಅನ್ನಿ. ಪಟ್ಟಿ ಆದ್ಮೇಲೆ ಒಂದು ಕಾಪಿ ನಮ್ಮ ಪತ್ರಿಕೆ ಆಫೀಸಿಗೆ ಕಳ್ಸಿ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ್ನೇ ವಾರ ನಾನೇ ಮೈಸೂರಿಂದ ಬಸ್ ಹತ್ತಿ ಬರ್ತೀನಿ, ಮಕ್ಕಳ ಫೋಟೋ ಅವತ್ತು ತೆಗೀತೀನಿ.