ನನಗೆ 26, ವಿಜಯಪುರದವನು, ತೆಳ್ಳಗಿದ್ದೇನೆ, ಮಾಂಸ ತಿನ್ನಲ್ಲ. ಆದರೂ ಎಲ್‌ಡಿಎಲ್ 168 ಯಾಕೆ?

ತೆಳ್ಳಗಿದ್ದ ಮಾತ್ರಕ್ಕೆ ಎಲ್‌ಡಿಎಲ್ ಕಡಿಮೆ ಇರಬೇಕೆಂದಿಲ್ಲ. ಅದರ ಲೆಕ್ಕ ನಡೆಯುವುದು ಲಿವರ್‌ನಲ್ಲಿ. ಎಲ್‌ಡಿಎಲ್ ಅಂದರೆ ರಕ್ತನಾಳದ ಗೋಡೆಗೆ ಸೇರಿಕೊಳ್ಳುವ ಕೆಟ್ಟ ಕೊಲೆಸ್ಟ್ರಾಲ್. ಅದನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಕೊಂಡಿಗಳು ಲಿವರ್‌ ಮೇಲಿರುತ್ತವೆ. ಕೊಂಡಿ ಕಡಿಮೆಯಾದರೆ ಅದು ರಕ್ತದಲ್ಲೇ ಉಳಿಯುತ್ತದೆ.

ಮಾಂಸ ಬಿಟ್ಟರೆ ಸಾಕು ಅನ್ನೋದು ತಪ್ಪು. ಡಾಲ್ಡಾ, ಬೆಣ್ಣೆ, ಪಾಮ್ ಎಣ್ಣೆಯ ಗಟ್ಟಿ ಕೊಬ್ಬೂ ಈ ಕೊಂಡಿಗಳನ್ನು ಕಡಿಮೆ ಮಾಡುತ್ತದೆ. ನಿಮ್ಮ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ ಚಲೋ ಊಟ, ಬಿಡಬೇಡಿ. ದಿನಾ ಸಂಜೆಯ ಮಿರ್ಚಿ ಭಜಿ, ಚಹಾದ ಜೊತೆ ಅದ್ದಿ ತಿನ್ನುವ ಬೇಕರಿ ಖಾರಿ, ಇವುಗಳ ಮೇಲೆ ಕಣ್ಣಿಡಿ. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ, ಒಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಮನೆತನದ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಈ ಕೊಂಡಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಎಲ್‌ಡಿಎಲ್ 190 ದಾಟಿದರೆ, ಅಥವಾ ಅಪ್ಪನಿಗೋ ಅಣ್ಣನಿಗೋ 55ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಬರೀ ಪಥ್ಯ ಸಾಲದೇ ಹೋಗಬಹುದು. ಇದನ್ನು ಡಾಕ್ಟರಿಗೆ ತಪ್ಪದೇ ಹೇಳಿ, ತಮ್ಮ-ತಂಗಿಯರನ್ನೂ ಪರೀಕ್ಷೆ ಮಾಡಿಸಿ.