ವಾನ್ ಸರೋವರದ ದ್ವೀಪದಲ್ಲಿರುವ ಅರ್ಮೇನಿಯನ್ ಚರ್ಚ್‌ನ ವಿಶೇಷ ಏನು?

ನೀವು ಕೇಳ್ತಿರೋದು ಅಖ್ತಮಾರ್ ದ್ವೀಪದ ಪವಿತ್ರ ಶಿಲುಬೆಯ ಕ್ಯಾಥೆಡ್ರಲ್ ಬಗ್ಗೆ ಅಲ್ವಾ? ಈಗ ಅದು ಪೂರ್ವ ಟರ್ಕಿಯಲ್ಲಿದೆ. ಕ್ರಿ.ಶ. 915ರಿಂದ 921ರ ನಡುವೆ ವಾಸ್ಪುರಕಾನ್ ಎಂಬ ರಾಜ್ಯದ ಅರ್ಮೇನಿಯನ್ ರಾಜ ಗಾಗಿಕ್ ಇದನ್ನು ಕಟ್ಟಿಸಿದ. ವಾಸ್ತುಶಿಲ್ಪಿಯ ಹೆಸರು ಮ್ಯಾನುಯೆಲ್.

ಕಟ್ಟಡ ದೊಡ್ಡದೇನಲ್ಲ. ಆದರೆ ಹೊರಗೋಡೆ ನೋಡಬೇಕು! ಕೆಂಪು ಛಾಯೆಯ ಕಲ್ಲಿನ ಮೇಲೆ ಸುತ್ತಲೂ ಉಬ್ಬುಶಿಲ್ಪಗಳು. ಅರ್ಮೇನಿಯನ್ ಚರ್ಚ್‌ಗಳಲ್ಲಿ ಇಷ್ಟು ಜಾಸ್ತಿ ಶಿಲ್ಪ ಇರೋದು ಅಪರೂಪ. ದಕ್ಷಿಣ ಗೋಡೆಯಲ್ಲಿ ಬೈಬಲ್ ಕಥೆಯ ಪ್ರವಾದಿ ಯೋನನನ್ನು ಹಡಗಿನಿಂದ ಕೆಳಗೆ ತಳ್ಳುತ್ತಿದ್ದಾರೆ. ಕೆಳಗೆ ಬಾಯಿ ತೆರೆದು ಕಾಯುತ್ತಿರುವುದು ಕಥೆಯಲ್ಲಿ ಅವನನ್ನು ನುಂಗುವ ದೊಡ್ಡ ಮೀನಲ್ಲ, ನಾಯಿ ಮುಖದ ಒಂದು ವಿಚಿತ್ರ ಪ್ರಾಣಿ. ಅದೇ ಗೋಡೆಯಲ್ಲಿ ದೈತ್ಯ ಗೋಲಿಯಾತನ ಎದುರು ಪುಟ್ಟ ದಾವೀದ ಕವಣೆ ಹಿಡಿದು ನಿಂತಿದ್ದಾನೆ. ಮೇಲೆ ದ್ರಾಕ್ಷಿ ಬಳ್ಳಿಯ ಪಟ್ಟಿ, ಅದರೊಳಗೆ ಜನ, ಪ್ರಾಣಿಗಳು.

ನನಗೆ ತುಂಬಾ ಇಷ್ಟ ಪಶ್ಚಿಮದ ಗೋಡೆ. ಅಲ್ಲಿ ಗಾಗಿಕ್ ಚರ್ಚಿನ ಪುಟ್ಟ ಮಾದರಿಯನ್ನು ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾನೆ. ಮೈಮೇಲೆ ಹಕ್ಕಿ ಚಿತ್ತಾರದ ನಿಲುವಂಗಿ, ತಲೆಯ ಹಿಂದೆ ಪ್ರಭಾವಳಿ ಬೇರೆ! ರಾಜನಿಗೆ ತನ್ನ ಬಗ್ಗೆ ಅಭಿಮಾನ ಸ್ವಲ್ಪ ಜಾಸ್ತಿಯೇ ಇತ್ತು ಅನ್ಸುತ್ತೆ. ಒಳಗಿನ ಭಿತ್ತಿಚಿತ್ರಗಳು ಸಾಕಷ್ಟು ಮಾಸಿದ್ದರೂ ನೀಲಿ ಬಣ್ಣ ಇನ್ನೂ ಕಾಣುತ್ತದೆ.

1915ರ ಅರ್ಮೇನಿಯನ್ ನರಮೇಧದ ನಂತರ ಚರ್ಚ್ ಪಾಳು ಬಿತ್ತು. 1951ರಲ್ಲಿ ಕೆಡವಲು ಆದೇಶವೂ ಆಗಿತ್ತು. ಆಗ ಪತ್ರಕರ್ತರಾಗಿದ್ದ ಲೇಖಕ ಯಶಾರ್ ಕೆಮಾಲ್ ದನಿ ಎತ್ತಿದ್ದರಿಂದ ಉಳಿಯಿತು. ದುರಸ್ತಿಯಾಗಿ 2007ರಲ್ಲಿ ಮ್ಯೂಸಿಯಂ ಆಯಿತು. 2010ರಲ್ಲಿ ಅಲ್ಲಿ ಮತ್ತೆ ಪ್ರಾರ್ಥನೆ ನಡೆಯಿತು.