ಮಿನಿಮಲ್ ಟೆಕ್ನೋ ಶುರು ಮಾಡಿದ್ದು ಯಾರು, ಹೆಸರು ಹೋಗಿದ್ದು ಯಾರಿಗೆ?

ನೀವು ಎರಡು ವಿಷಯ ಕೇಳಿದ್ದೀರಿ. ಟೆಕ್ನೋ ಅಂದರೆ ಡ್ರಮ್ ಮೆಷಿನ್, ಸಿಂಥಸೈಸರ್‌ಗಳಿಂದ ಮಾಡುವ ಡ್ಯಾನ್ಸ್ ಸಂಗೀತ; ಅದನ್ನೇ ಆದಷ್ಟು ಕಡಿಮೆ ಸದ್ದುಗಳಲ್ಲಿ ಮಾಡಿದರೆ ಮಿನಿಮಲ್ ಟೆಕ್ನೋ. ಮಿನಿಮಲ್ ಟೆಕ್ನೋ ಅಂದ ಕೂಡಲೇ ಎಲ್ಲರೂ ಬರ್ಲಿನ್, ಅಲ್ಲಿಂದ ಹೆಸರಾದ ಡಿಜೆಗಳಾದ ರಿಚಿ ಹಾಟಿನ್, ರಿಕಾರ್ಡೊ ವಿಲಲೋಬೊಸ್ ಅನ್ನುತ್ತಾರೆ, ಇದು ನಿಜವಾ ಅಥವಾ ಬರೀ ಬಿಲ್ಡಪ್ಪಾ? ಇನ್ನೊಂದು, ಮುಂಬಯಿಯ ಚರಣ್‌ಜಿತ್ ಸಿಂಗ್ ಇವರೆಲ್ಲರಿಗಿಂತ ಮೊದಲೇ ಇಂಥದ್ದನ್ನು ಮಾಡಿದ್ದರಂತೆ, ಅವರನ್ನು ಯಾಕೆ ಮರೆತರು?

ನಾನೂ ಒಂದು ಕಾಲದಲ್ಲಿ ಬರ್ಲಿನ್ ಅಂತಲೇ ನಂಬಿದ್ದವನು. 2007ರಲ್ಲಿ ಬೆಂಗಳೂರಿನಲ್ಲಿ ರೂಮ್‌ಮೇಟ್ ಒಬ್ಬ ಹಾರ್ಡ್ ಡಿಸ್ಕಿನಲ್ಲಿ ‘ಮಿನಿಮಲ್’ ಅಂತ ಒಂದು ಫೋಲ್ಡರ್ ಹಾಕಿಕೊಟ್ಟ. ಅದರಲ್ಲಿದ್ದದ್ದೆಲ್ಲ 2003ರಿಂದ ಈಚಿನದು. ಹೆಚ್ಚಿನವು ಜರ್ಮನಿಯವು. ಡೆಟ್ರಾಯಿಟಿನದು ಒಂದೂ ಇರಲಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಈ ಸಂಗೀತ ಹುಟ್ಟಿದ್ದೇ 2003ರಲ್ಲಿ! ಹೈಪ್ ಕೆಲಸ ಮಾಡುವುದು ಹೀಗೇ. ಯಾರೂ ಸುಳ್ಳು ಹೇಳಿರುವುದಿಲ್ಲ, ಕತೆಯನ್ನು ಹತ್ತು ವರ್ಷ ತಡವಾಗಿ ಶುರು ಮಾಡಿರುತ್ತಾರೆ ಅಷ್ಟೆ.

ಆ ಹತ್ತು ವರ್ಷ ಹಿಂದಕ್ಕೆ ಹೋದರೆ ಸಿಗುವ ಊರು ಅಮೆರಿಕದ ಡೆಟ್ರಾಯಿಟ್. 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 1990ರ ಹೊತ್ತಿಗೆ 10 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾರ್ ಫ್ಯಾಕ್ಟರಿಗಳು ಮುಚ್ಚಿ, ಬೀದಿಗಟ್ಟಲೆ ಮನೆಗಳು ಖಾಲಿ ಬಿದ್ದಿದ್ದವು. ಅಲ್ಲಿನ ರಾಬರ್ಟ್ ಹುಡ್ ‘ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್’ ಎಂಬ ಗುಂಪಿನಲ್ಲಿ ಜೆಫ್ ಮಿಲ್ಸ್, ಮೈಕ್ ಬ್ಯಾಂಕ್ಸ್ ಜೊತೆಗಿದ್ದವರು. ಆಗ ಯುರೋಪಿನ ರೇವ್ ಪಾರ್ಟಿಗಳಲ್ಲಿ ಟೆಕ್ನೋ ವರ್ಷದಿಂದ ವರ್ಷಕ್ಕೆ ಜೋರಾಗುತ್ತಾ, ವೇಗವಾಗುತ್ತಾ ಹೋಗುತ್ತಿತ್ತು. ಹುಡ್ ಅದಕ್ಕೆ ಬೆನ್ನು ಹಾಕಿದರು. 1994ರಲ್ಲಿ ಜೆಫ್ ಮಿಲ್ಸ್ ಅವರ ಆಕ್ಸಿಸ್ ಲೇಬಲ್ಲಿನಲ್ಲಿ (ಲೇಬಲ್ ಅಂದರೆ ರೆಕಾರ್ಡ್ ಕಂಪನಿ) ‘ಮಿನಿಮಲ್ ನೇಷನ್’ ತಂದರು. ಈ ಪ್ರಕಾರಕ್ಕೆ ಹೆಸರು, ನಕ್ಷೆ ಎರಡನ್ನೂ ಕೊಟ್ಟ ರೆಕಾರ್ಡ್ ಯಾವುದು ಅಂತ ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಅದರಲ್ಲಿ ಏನಿದೆ? ಮೊದಲ ಸಲ ಕೇಳಿದಾಗ ಏನೂ ಇಲ್ಲ ಅನ್ನಿಸುತ್ತದೆ. ರೋಲ್ಯಾಂಡ್ 909 ಎಂಬ ಡ್ರಮ್ ಮೆಷಿನ್ನಿನಲ್ಲಿ ಸಾಲಾಗಿ 16 ಬಟನ್ ಇರುತ್ತವೆ. 1, 5, 9, 13ನೇ ಬಟನ್ ಒತ್ತಿದರೆ ನಾಲ್ಕು ಕಿಕ್, ಅಂದರೆ ಡಬ್ ಡಬ್ ಅನ್ನುವ ದಪ್ಪ ಏಟು. 3, 7, 11, 15 ಒತ್ತಿದರೆ ನಡುವೆ ಚಿಸ್ ಚಿಸ್ ಅನ್ನುವ ಹೈ-ಹ್ಯಾಟ್. ಯಾರು ಬೇಕಾದರೂ ಒಂದು ನಿಮಿಷದಲ್ಲಿ ಮಾಡಬಹುದು. ಬೇರೆಯವರು ಇದರ ಮೇಲೆ ಸ್ಟ್ರಿಂಗ್ಸ್, ಹಾಡು, ಬ್ರೇಕು ಅಂತ ಪೇರಿಸುತ್ತಾ ಹೋದರೆ ಹುಡ್ ಒಂದೊಂದಾಗಿ ತೆಗೆದರು. ಉಳಿಯುವುದು ನಾಲ್ಕೈದು ಸ್ವರದ ಒಂದು ತುಣುಕು. ಅದು ಸುತ್ತುತ್ತಲೇ ಇರುತ್ತದೆ, ಸದ್ದನ್ನು ಮಂಕು ಮಾಡುವ ಫಿಲ್ಟರ್ ಮಾತ್ರ ನಿಧಾನಕ್ಕೆ ತೆರೆಯುತ್ತದೆ.

ಚಿಕ್ಕಂದಿನಲ್ಲಿ ಎರಡು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ಮೇಷ್ಟ್ರು ‘ತ ದಿ ತೊಂ ನಂ’ ಒಂದನ್ನೇ ತಿಂಗಳುಗಟ್ಟಲೆ ನುಡಿಸಿಸುತ್ತಿದ್ದರು. ಬೇಜಾರೋ ಬೇಜಾರು. ಆದರೆ ಅದೇ ಪಾಠ ನೂರನೇ ಸಲ ಬರುವಾಗ ಕಿವಿಗೆ ಬೇರೇನೋ ಕೇಳತೊಡಗುತ್ತದೆ. ಈ ‘ನಂ’ ಕೂದಲೆಳೆಯಷ್ಟು ತಡವಾಯಿತು, ಆ ‘ತೊಂ’ ಸರಿಯಾಗಿ ಗುಂಯ್ ಅನ್ನಲಿಲ್ಲ ಅಂತ. ‘ಮಿನಿಮಲ್ ನೇಷನ್’ ನನಗೆ ಹಿಡಿಸಿದ್ದು ಹಾಗೆ, ಮೂರನೇ ನಾಲ್ಕನೇ ಸಲಕ್ಕೆ.

ಡೇನಿಯಲ್ ಬೆಲ್ ಅಂತ ಇನ್ನೊಬ್ಬರಿದ್ದಾರೆ. ಡಿಬಿಎಕ್ಸ್ ಎಂಬ ಹೆಸರಿನಲ್ಲಿ 1994ರಲ್ಲಿ ‘ಲೂಸಿಂಗ್ ಕಂಟ್ರೋಲ್’ ತಂದರು. ಒಂದು ಕಿಕ್, ಕೆಲವು ಟಕ್ ಟಕ್ ಸದ್ದು, ಒಂದು ವಿಚಿತ್ರ ದನಿ, ಅಷ್ಟೇ. ಮುಂದೆ 2000ದ ದಶಕದಲ್ಲಿ ಬರ್ಲಿನ್ನಿನಲ್ಲಿ ಬಂದ ಎಷ್ಟೋ ಟ್ರ್ಯಾಕುಗಳ ಅಚ್ಚು ಇದರಲ್ಲೇ ಇದೆ. ಮಜಾ ಅಂದರೆ ಈ ಬೆಲ್ ಮತ್ತು ರಿಚಿ ಹಾಟಿನ್ ಅದಕ್ಕೂ ಮೊದಲು ಸೈಬರ್‌ಸಾನಿಕ್ ಎಂಬ ಒಂದೇ ಗುಂಪಿನಲ್ಲಿದ್ದರು. ಒಬ್ಬರ ಹೆಸರು ಪೋಸ್ಟರಿಗೆ ಹೋಯಿತು, ಇನ್ನೊಬ್ಬರದು ರೆಕಾರ್ಡ್ ಕೊಳ್ಳುವವರ ಬಾಯಲ್ಲಿ ಉಳಿಯಿತು.

ಹಾಟಿನ್ ಅವರನ್ನು ಸುಮ್ನೆ ಬೈಯುವುದೂ ಸರಿಯಲ್ಲ. ಅವರು ಬೆಳೆದದ್ದು ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್‌ನಲ್ಲಿ, ಅಂದರೆ ಕೆನಡಾದಲ್ಲಿ. ಸೇತುವೆ ದಾಟಿದರೆ ಡೆಟ್ರಾಯಿಟ್. ಪ್ಲಾಸ್ಟಿಕ್‌ಮ್ಯಾನ್ ಹೆಸರಿನಲ್ಲಿ 1993ರಲ್ಲೇ ‘ಶೀಟ್ ಒನ್’ ಮಾಡಿದ್ದರು. ಆಮೇಲೆ ಮೈನಸ್ ಎಂಬ ಲೇಬಲ್ ಕಟ್ಟಿ, ಬರ್ಲಿನ್ನಿಗೆ ಹೋಗಿ, ಒಂದೇ ಥರದ ಕವರು, ಒಂದೇ ಥರದ ಕಪ್ಪು ಟೀ ಶರ್ಟು ಅಂತ ಇಡೀ ಅಂಗಡಿ ತೆರೆದರು. ಕೆಲಸ ಮಾಡಿದ್ದರು, ಮಾರಲೂ ಗೊತ್ತಿತ್ತು.

ನಿಜಕ್ಕೂ ಮರೆತುಹೋದವರು ಅಂದರೆ ನನಗೆ ನೆನಪಾಗುವುದು ರಾನ್ ಮರ್ಫಿ. ಅವರು ಸಂಗೀತ ಮಾಡಿದವರೇ ಅಲ್ಲ. ಡೆಟ್ರಾಯಿಟಿನಲ್ಲಿ ರೆಕಾರ್ಡಿಗೆ ಗೆರೆ ಕೊರೆಯುವ ಕೆಲಸ ಅವರದು. ಜೆಫ್ ಮಿಲ್ಸ್ ತಮ್ಮ 1994ರ ‘ಸೈಕಲ್ 30’ಕ್ಕೆ ಲಾಕ್ಡ್ ಗ್ರೂವ್ ಮಾಡಿಸಿದ್ದು ಇವರ ಹತ್ತಿರ. ಮಾಮೂಲಿ ರೆಕಾರ್ಡಿನಲ್ಲಿ ಗೆರೆ ಸುರುಳಿಯಾಗಿ ಒಳಗೆ ಸಾಗುತ್ತದಲ್ವಾ? ಲಾಕ್ಡ್ ಗ್ರೂವ್‌ನಲ್ಲಿ ಗೆರೆ ಬಳೆಯ ಹಾಗೆ ತನಗೆ ತಾನೇ ಕೂಡಿಕೊಳ್ಳುತ್ತದೆ. ಮುಳ್ಳು ಅಲ್ಲೇ ಸಿಕ್ಕಿಕೊಂಡು ಸುತ್ತುತ್ತಿರುತ್ತದೆ, ನೀವು ಎತ್ತುವ ತನಕ. ಲೆಕ್ಕ ನೋಡಿ: ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಅದರಲ್ಲಿ ನಾಲ್ಕು ಏಟು ಕೂರಿಸಿದರೆ ನಿಮಿಷಕ್ಕೆ ಸುಮಾರು 133 ಏಟು. ಟೆಕ್ನೋದ ನಡೆ ಸರಿಯಾಗಿ ಅಷ್ಟೇ! ಆದರೆ ಸುತ್ತು ಮುಗಿಯುವ ಜಾಗ ಶುರುವಾದ ಜಾಗಕ್ಕೆ ಕರಾರುವಾಕ್ಕಾಗಿ ಕೂಡದಿದ್ದರೆ ಪ್ರತಿ ಸಲ ಟಿಕ್ ಅಂತ ಕೇಳುತ್ತದೆ. ಆ ಕೂಡಿಸುವಿಕೆ ಮರ್ಫಿಯವರ ಕೈಚಳಕ. ಬರ್ಲಿನ್ನಿನ ಬೇಸಿಕ್ ಚಾನೆಲ್ ಜೋಡಿ, ಅಂದರೆ ಮೊರಿಟ್ಜ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಅರ್ನೆಸ್ಟಸ್, ತಮ್ಮ ರೆಕಾರ್ಡುಗಳನ್ನು ಅಷ್ಟು ದೂರ ಕಳಿಸಿ ಇವರಿಂದಲೇ ಕೊರೆಸುತ್ತಿದ್ದರು. ಮರ್ಫಿ 2008ರಲ್ಲಿ ತೀರಿಕೊಂಡರು. ರೆಕಾರ್ಡಿನ ಒಳಅಂಚಿನಲ್ಲಿ, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಗೀಚಿದ ‘ಎನ್‌ಎಸ್‌ಸಿ’ (ಅವರ ಸ್ಟುಡಿಯೋ ಹೆಸರಿನ ಮೊದಲಕ್ಷರಗಳು) ಅಕ್ಷರ ಕಂಡರೆ ಅದು ಅವರ ಕೈಯದು.

ಫಿನ್ಲೆಂಡಿನ ಮಿಕಾ ವೈನಿಯೋ ಬಗ್ಗೆಯೂ ಒಂದು ಮಾತು. ಇವರೂ 1994ರಲ್ಲೇ, ಸಾಹ್ಕೊ ಎಂಬ ಲೇಬಲ್ಲಿನಲ್ಲಿ, ಇನ್ನೂ ಬರಿದಾದ ‘ಮೆಟ್ರಿ’ ಎಂಬ ಆಲ್ಬಂ ತಂದರು. ಸಾಹ್ಕೊ ಅಂದರೆ ಫಿನ್ನಿಶ್ ಭಾಷೆಯಲ್ಲಿ ಕರೆಂಟು. ಕೇಳಿದರೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತ ಹಾಗೇ ಇರುತ್ತದೆ.

ಇನ್ನು ಬರ್ಲಿನ್. ಅಲ್ಲಿನ ಟ್ರೆಸರ್ ಕ್ಲಬ್ 1991ರಲ್ಲಿ ಒಂದು ಹಳೆ ಅಂಗಡಿಯ ನೆಲಮಾಳಿಗೆ ತಿಜೋರಿಯಲ್ಲಿ ಶುರುವಾಯಿತು. ಡೆಟ್ರಾಯಿಟಿನವರನ್ನು ಕರೆಸಿ ನುಡಿಸಿಸಿದ್ದು, ಹುಡ್ ಅವರ ‘ಇಂಟರ್ನಲ್ ಎಂಪೈರ್’ ಆಲ್ಬಂ ತಂದಿದ್ದು ಅದೇ ಟ್ರೆಸರ್. ಹಾಗಾಗಿ ಬರ್ಲಿನ್ ಕದ್ದಿತು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಮೊದಲ ತಲೆಮಾರಿಗೆ ಯಾರ ಋಣ ಎಷ್ಟು ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಹೋಗಿದ್ದು ಆಮೇಲೆ. 2001ರಲ್ಲಿ ಕಂಪ್ಯೂಟರಿನಲ್ಲೇ ಸಂಗೀತ ಮಾಡುವ ಏಬಲ್ಟನ್ ಲೈವ್ ಸಾಫ್ಟ್‌ವೇರ್ ಬಂತು (ಅದನ್ನು ಕಟ್ಟಿದವರಲ್ಲಿ ಇಬ್ಬರು ಮೋನೋಲೇಕ್ ಹೆಸರಿನಲ್ಲಿ ಇದೇ ಸಂಗೀತ ಮಾಡುತ್ತಿದ್ದವರು). 2004ರಲ್ಲಿ ಡೌನ್‌ಲೋಡ್ ಅಂಗಡಿ ಬೀಟ್‌ಪೋರ್ಟ್ ಬಂತು. ಮಿನಿಮಲ್ ಅನ್ನುವುದು ಒಂದು ರೀತಿಯಾಗಿದ್ದದ್ದು ಹೋಗಿ ಒಂದು ಶೆಲ್ಫ್ ಆಯಿತು. ಆ ಕಾಲದಲ್ಲೂ ಒಳ್ಳೆಯದು ಬಂದಿದೆ. ವಿಲಲೋಬೊಸ್ 2006ರಲ್ಲಿ 37 ನಿಮಿಷದ ಒಂದು ಟ್ರ್ಯಾಕ್ ಮಾಡಿದರು, ನಮ್ಮ ರಾಗ-ತಾನ-ಪಲ್ಲವಿಯಷ್ಟು ಉದ್ದ, ಒಂದು ಕ್ಷಣವೂ ಬೇಜಾರಾಗುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಬಂದ ರಾಶಿ ಟಿಕ್-ಟಾಕ್ ಸರಕು ನೋಡಿದರೆ ಸಾಕಪ್ಪಾ ಅನ್ನಿಸುತ್ತದೆ. ನನ್ನ ರೂಮ್‌ಮೇಟ್ ಫೋಲ್ಡರಿನ ಮುಕ್ಕಾಲು ಭಾಗ ಅದೇ.

ಚರಣ್‌ಜಿತ್ ಸಿಂಗ್ ವಿಷಯಕ್ಕೆ ಬರುತ್ತೇನೆ. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಬಳಸಿದ್ದು ರೋಲ್ಯಾಂಡ್ ಕಂಪನಿಯ 808 ಡ್ರಮ್ ಮೆಷಿನ್, ಜೂಪಿಟರ್-8 ಸಿಂಥಸೈಸರ್, ಮತ್ತು 303. ಈ 303 ಗಿಟಾರ್ ನುಡಿಸುವವರಿಗೆ ಬೇಸ್ ಸಾಥಿ ಆಗಲಿ ಅಂತ ಮಾಡಿದ ಪೆಟ್ಟಿಗೆ. ಅದಕ್ಕೆ ಸ್ಲೈಡ್ ಅಂತ ಒಂದು ಸೌಲಭ್ಯ ಇತ್ತು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ. ರಾಗ ಗೊತ್ತಿದ್ದವರ ಕೈಗೆ ಅದು ಸಿಕ್ಕರೆ ಕೇಳಬೇಕಾ! ಐದು ವರ್ಷದ ನಂತರ, 1987ರಲ್ಲಿ, ಶಿಕಾಗೋದ ಫ್ಯೂಚರ್ ಗುಂಪು ಅದೇ ಪೆಟ್ಟಿಗೆಯಿಂದ ‘ಆಸಿಡ್ ಟ್ರ್ಯಾಕ್ಸ್’ ಮಾಡಿತು, ಆಸಿಡ್ ಹೌಸ್ ಅಲ್ಲಿಂದ ಬೆಳೆಯಿತು (ಹೌಸ್ ಅಂದರೆ ಶಿಕಾಗೋದ ಡ್ಯಾನ್ಸ್ ಸಂಗೀತ, ಅದಕ್ಕೆ 303ರ ಸದ್ದು ಸೇರಿದರೆ ಆಸಿಡ್ ಹೌಸ್). ಹಾಟಿನ್ ಅವರ ಪ್ಲಾಸ್ಟಿಕ್‌ಮ್ಯಾನ್‌ನಲ್ಲಿ ಕುಯ್ ಕುಯ್ ಅನ್ನುವುದೂ ಅದೇ 303.

ಆದರೆ ಶಿಕಾಗೋದವರು ಮುಂಬಯಿ ರೆಕಾರ್ಡ್ ಕೇಳಿದ್ದರು ಅನ್ನುವುದಕ್ಕೆ ಯಾವ ಸಾಕ್ಷಿಯೂ ಇಲ್ಲ. ಅದು ಬಂದಾಗ ಮಾರಾಟವಾಗಲೂ ಇಲ್ಲ. 2010ರಲ್ಲಿ ಒಂದು ಡಚ್ ಲೇಬಲ್ ಮತ್ತೆ ತಂದಾಗ ‘ಆಸಿಡ್ ಹೌಸ್ ಕಂಡುಹಿಡಿದ ಭಾರತೀಯ’ ಅಂತ ಪತ್ರಿಕೆಗಳು ಬರೆದವು. ಇದೂ ಹೈಪೇ, ನಮಗೆ ಖುಷಿ ಕೊಡುವ ಹೈಪ್. ಅವರು ಮೊದಲು ಮಾಡಿದ್ದು ನಿಜ, ಅವರಿಂದ ಯಾರೂ ಕಲಿಯಲಿಲ್ಲ ಅನ್ನುವುದೂ ನಿಜ. ಹುಡ್ ಅವರದು ತಿರುಗುಮುರುಗು. ನಮ್ಮ ಫೋಲ್ಡರುಗಳಲ್ಲಿ ಅವರಿರಲಿಲ್ಲ, ಆದರೆ ಅದರಲ್ಲಿದ್ದ ಅರ್ಧ ಜನ ಅವರಿಂದ ಕಲಿತವರು. ಡಿಜೆಗಳು ಅವರನ್ನು ಯಾವತ್ತೂ ಮರೆತಿರಲಿಲ್ಲ. ಈಗ ಮಗಳ ಜೊತೆ ಫ್ಲೋರ್‌ಪ್ಲಾನ್ ಎಂಬ ಹೆಸರಿನಲ್ಲಿ ಚರ್ಚಿನ ಗಾಸ್ಪೆಲ್ ಬೆರೆಸಿದ ಹೌಸ್ ನುಡಿಸುತ್ತಾರೆ, ದೊಡ್ಡ ದೊಡ್ಡ ಸ್ಟೇಜುಗಳಲ್ಲೇ. ಚರಣ್‌ಜಿತ್ ಸಿಂಗ್ ಅವರಿಗೂ ಕೊನೆಗಾಲದಲ್ಲಿ ಯುರೋಪಿನಲ್ಲಿ ಕಚೇರಿಗಳು ಸಿಕ್ಕವು. 2015ರಲ್ಲಿ ತೀರಿಕೊಂಡರು.

ಕೇಳಲು ಶುರು ಮಾಡುವುದಾದರೆ ಮೊದಲು ‘ಮಿನಿಮಲ್ ನೇಷನ್’, ಆಮೇಲೆ ‘ಲೂಸಿಂಗ್ ಕಂಟ್ರೋಲ್’, ಆಮೇಲೆ ಬೇಸಿಕ್ ಚಾನೆಲ್. ಫೋನ್ ಸ್ಪೀಕರಿನಲ್ಲಿ ಬೇಡ, ಕಿಕ್ ಕೇಳುವುದೇ ಇಲ್ಲ. ಸಿಂಗ್ ಅವರ ರೆಕಾರ್ಡ್ ಮಾತ್ರ ಮನೆಯವರಿಗೂ ಕೇಳುವ ಹಾಗೆ ಜೋರಾಗಿ ಹಾಕಿ. ನಾನು ಹಾಕಿದ ದಿನ ಯಮನ್ ಬರುವಾಗ ಅಮ್ಮ ಅಡುಗೆಮನೆಯಿಂದ ಬಂದು, “ಇದು ನಮ್ಮ ಕಲ್ಯಾಣಿ ಅಲ್ವೇನೋ? ಚೆನ್ನಾಗಿದೆ. ಆ ಡಬ್ ಡಬ್ ಒಂದು ನಿಲ್ಲಿಸು” ಅಂದರು.